‘ಎಲ್ಲೆ’ ಅಂದರೆ ನಾಳೆಯೂ ಹೌದು

ಸಂಪಾದಕರೇ,

ಉಡುಪಿ ತಾಲೂಕಿನ ಸರಕಾರಿ ಶಾಲೆಯೊಂದರಲ್ಲಿ ನಾನು ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮೊನ್ನೆ ‘ಊರಿನ ಎಲ್ಲೆ’ಗೆ ಅರ್ಥ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ‘ಊರಿನ ನಾಳೆ’ ಎಂದು ಬರೆದ. ಅವನ ಮನೆಮಾತು ತುಳು. ತುಳುವಿನಲ್ಲಿ ಎಲ್ಲೆ ಅಂದರೆ ನಾಳೆಯೇ ಅಲ್ವಾ? ಅದಕ್ಕೆ ಸುಮ್ನೆ ಕೆಂಪು ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ.

ನಮ್ಮಲ್ಲಿ ಇಂಥ ಪದ ಒಂದೆರಡಲ್ಲ. ‘ಕೋಣ’ ಎಂದರೆ ಹೆಚ್ಚಿನ ಮಕ್ಕಳಿಗೆ ಕಂಬಳದ ಕೋಣ. ಗೌಡ ಸಾರಸ್ವತ ಬ್ರಾಹ್ಮಣ (ಜಿಎಸ್‌ಬಿ) ಮನೆಯ ಮಕ್ಕಳ ಕೊಂಕಣಿಯಲ್ಲಿ ಅದು ‘ಯಾರು’. ‘ಕೋರಿ’ ರಜಾ ಅರ್ಜಿಯಲ್ಲಿ ಬೇರೆ, ಕೋರಿ ರೊಟ್ಟಿಯಲ್ಲಿ ಬೇರೆ, ಅಲ್ಲಿ ಅದು ತುಳುವಿನ ಕೋಳಿ. ಮಲ್ಪೆ ಬಂದರಿನಲ್ಲಿ ‘ಬಲೆ’ ಮೀನು ಹಿಡಿಯಲು. ಮನೆಗೆ ನೆಂಟರು ಬಂದರೆ ತುಳುವಿನಲ್ಲಿ ಅದೇ ಪದ ‘ಬಲೆ, ಕುಲ್ಲುಲೆ’ ಆಗುತ್ತದೆ, ಅಂದರೆ ಬನ್ನಿ, ಕೂತುಕೊಳ್ಳಿ. ಬಾಗಲಕೋಟೆಯಿಂದ ಕೆಲಸಕ್ಕೆ ಬಂದವರ ಮಗಳೊಬ್ಬಳಿದ್ದಾಳೆ. ಬುತ್ತಿಯಲ್ಲಿ ಪುಂಡಿ ತಂದಿದ್ದೇನೆ ಎಂದಳು. ಪಕ್ಕದವಳು ಇಣುಕಿ ನೋಡಿ, ಇದು ಪುಂಡಿಯೇ ಅಲ್ಲ, ಸೊಪ್ಪಿನ ಪಲ್ಯ ಎಂದಳು. ಪಕ್ಕದವಳ ಮನೆಯಲ್ಲಿ ಪುಂಡಿ ಎಂದರೆ ಅಕ್ಕಿ ತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು. ಇವಳ ಊರಲ್ಲಿ ಅದು ಹುಳಿ ಸೊಪ್ಪು. ಇಬ್ಬರನ್ನೂ ಕೂರಿಸಿ ಎರಡೂ ಸರಿ ಎಂದು ಹೇಳಿದ ಮೇಲೆಯೇ ಊಟ ಮುಂದುವರಿಯಿತು.

ಅಕ್ಷರ ಒಂದೇ ಆದದ್ದಕ್ಕೂ ಹಿಂದೊಂದು ಕತೆ ಇದೆ. ತುಳುವಿಗೆ ತನ್ನದೇ ಲಿಪಿ ಇತ್ತು. ಆದರೂ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ತುಳು ಪುಸ್ತಕಗಳನ್ನು ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದರು. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಲ್ಲೇ ಬಂದವು. ಇಲ್ಲಿನ ಕೊಂಕಣಿ, ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆ ಬರೆಯುವುದಕ್ಕೂ ಜಾಸ್ತಿ ಬಳಕೆಯಾಗುವುದು ಕನ್ನಡ ಲಿಪಿಯೇ.

ಘಟ್ಟದ ಮೇಲಿನಿಂದ ವರ್ಗವಾಗಿ ಬರುವ ಶಿಕ್ಷಕರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮನೆಮಾತಿನ ಅರ್ಥ ಹೇಳಿದ್ದಕ್ಕೆ ಬೈಸಿಕೊಂಡ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮೂರೂ ಮಂಗಳೂರಿನಲ್ಲೇ ಇವೆ. ಮೂರೂ ಸೇರಿ, ಹೀಗೆ ಬರಹ ಒಂದೇ ಆಗಿ ಅರ್ಥ ಬೇರೆಯಾಗುವ ಪದಗಳ ತೆಳ್ಳಗಿನ ಪುಸ್ತಕವೊಂದನ್ನು ತರಲಿ. ದೊಡ್ಡ ನಿಘಂಟು ಬೇಡ. ಆರು ಸಂಪುಟಗಳ ತುಳು ನಿಘಂಟು ಉಡುಪಿಯಲ್ಲೇ ತಯಾರಾಗಿದೆ, ಅದು ವಿದ್ವಾಂಸರಿಗಾಯಿತು. ನಮಗೆ ಬೇಕಿರುವುದು ಮೇಜಿನ ಮೇಲೆ ಇಟ್ಟುಕೊಳ್ಳುವಂಥದ್ದು. ಮುಂದಿನ ವರ್ಷ ಶಾಲೆ ಶುರುವಾಗುವ ಮೊದಲು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಶಾಲೆಗಳಿಗೆ ಒಂದೊಂದು ಪ್ರತಿ ಸಿಕ್ಕರೆ ಸಾಕು. ಪದ ಕೂಡಿಸಿ ಕೊಡಲು ನಾನು ತಯಾರಿದ್ದೇನೆ.

– ಒಬ್ಬ ಶಿಕ್ಷಕಿ, ಉಡುಪಿ