ಬೋರ್ಡಿಲ್ಲದ ಸಭೆಗೆ ಹೋಗುವ ಮಗಳಿಗೆ

ಪುಟ್ಟಿ,

ಭಾನುವಾರ ರಾತ್ರಿ ಫೋನಿನಲ್ಲಿ ಸುಮ್ಮನಾಗಿಬಿಟ್ಟೆ. ಬಾಯಿ ತೆರೆದಿದ್ದರೆ ಜಗಳವೇ ಆಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸಂಪಂಗಿರಾಮನಗರದಿಂದ ಹೆಣ್ಣೂರಿಗೆ ಪತ್ರ ಬರೆಯುವಷ್ಟು ದೂರ ಇಲ್ಲ, ಗೊತ್ತು. ಟ್ರಾಫಿಕ್ ನೋಡಿದರೆ ಇದೆ ಅಂತಲೇ ಅನ್ನಿಸುತ್ತದೆ.

ನೀನು ಈಗ ಹೋಗುತ್ತಿರುವ ಪಂಗಡವಿಲ್ಲದ ಚರ್ಚು, ನಿನ್ನ ಸಭೆ, ನನಗೆ ಹಿಡಿಸಲಿಲ್ಲ ಅಂದುಕೊಳ್ಳಬೇಡ. ಅಂಗಡಿಯ ಮೇಲಿನ ಹಾಲ್, ಪ್ಲಾಸ್ಟಿಕ್ ಕುರ್ಚಿ, ಗಿಟಾರು, ಗೋಡೆ ಮೇಲೆ ಹಾಡಿನ ಸಾಲು. ಪಾಸ್ಟರ್ ಜೀನ್ಸ್ ಹಾಕಿದ್ದರು. ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಬಿಳಿ ನಿಲುವಂಗಿ ನೋಡಿದ ಕಣ್ಣಿಗೆ ಸ್ವಲ್ಪ ಕಷ್ಟವಾಯಿತು, ಅಷ್ಟೇ. ಆದರೆ ಆಟೋ ಓಡಿಸುವವರೊಬ್ಬರು ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳಿದರು, ಎಲ್ಲರೂ ಕಿವಿಗೊಟ್ಟು ಕೇಳಿದರು. ನಮ್ಮಲ್ಲಿ ಕೆಲವು ಬೆಂಚುಗಳೇ ಮನೆತನದ ಆಸ್ತಿ ಇದ್ದಹಾಗೆ.

ನಿಮ್ಮ ಸಭೆಯ ನಂಬಿಕೆ ಬರೆದಿರುವ, ನೀನು ಕೊಟ್ಟ ಹಾಳೆ ಎರಡು ಸಲ ಓದಿದೆ. ತಂದೆ, ಮಗ, ಪವಿತ್ರಾತ್ಮ, ಒಬ್ಬನೇ ದೇವರು. ಸತ್ಯವೇದವೇ, ಅಂದರೆ ಬೈಬಲ್ಲೇ, ಆಧಾರ. ರಕ್ಷಣೆ ನಾವು ದುಡಿದು ಗಳಿಸುವುದಲ್ಲ, ಕೃಪೆಯಿಂದ ಸಿಗುವುದು. ಯೇಸು ಸತ್ತು ಮೂರನೇ ದಿನ ಎದ್ದ, ಮತ್ತೆ ಬರುತ್ತಾನೆ. ಇದರಲ್ಲಿ ಯಾವುದು ಹೊಸದು, ಹೇಳು? ಹಡ್ಸನ್ ಚರ್ಚಿನಲ್ಲಿ ನನ್ನ ಪಕ್ಕ ನಿಂತು ನೀನು ಕಲಿತದ್ದೇ ಇದು.

'ನಮಗೆ ಪಂಗಡ ಇಲ್ಲ, ನಾವು ಬರೀ ಕ್ರೈಸ್ತರು' ಅನ್ನುತ್ತೀಯಲ್ಲ, ಆ ಆಸೆಯೂ ಹಳೆಯದೇ. ನಿನ್ನ ಮುತ್ತಜ್ಜ ವೆಸ್ಲಿಯನ್ ಮೆಥಡಿಸ್ಟ್ ಪಂಗಡದವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳೆಲ್ಲ ತಮ್ಮ ತಮ್ಮ ಬೋರ್ಡು ಇಳಿಸಿ ಒಂದೇ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ನಮ್ಮ ಸಿಎಸ್‌ಐ ಆದವು. 'ಎಲ್ಲರೂ ಒಂದಾಗಿರಲಿ' ಎಂಬ ಯೇಸುವಿನ ಪ್ರಾರ್ಥನೆಯೇ ಅದರ ಧ್ಯೇಯವಾಕ್ಯ. ಅಮೆರಿಕದಲ್ಲೂ 1800ರ ದಶಕದ ಮೊದಲಿಗೆ ಕ್ಯಾಂಪ್‌ಬೆಲ್, ಸ್ಟೋನ್ ಎಂಬುವರ ಜೊತೆಗಾರರು 'ಬರೀ ಕ್ರೈಸ್ತರು' ಅಂತಲೇ ಹೊರಟರು. 1906ರ ಜನಗಣತಿ ಹೊತ್ತಿಗೆ ಅವರೇ ಎರಡು ಹೆಸರಿನಲ್ಲಿ ಲೆಕ್ಕಕ್ಕೆ ಸಿಕ್ಕರು. ಬೋರ್ಡು ಇಳಿಸುವುದು ಸುಲಭ, ಮೊಳೆ ಗೋಡೆಯಲ್ಲೇ ಇರುತ್ತದೆ.

ಈಗ ನನ್ನ ಬಾಯಿ ಕಟ್ಟಿದ ಮಾತಿಗೆ ಬರುತ್ತೇನೆ. ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತೆಗೆದುಕೊಳ್ಳುತ್ತೇನೆ ಅಂದೆ. ಮಗುವಾಗಿದ್ದಾಗ ಆಗಿದ್ದು ಲೆಕ್ಕಕ್ಕಿಲ್ಲ ಅಂದೆ. ನೀರಿನಲ್ಲಿ ಪೂರ್ತಿ ಮುಳುಗಿ ಏಳುವುದು ಕ್ರಿಸ್ತನ ಜೊತೆ ಹೂಣಲ್ಪಟ್ಟು ಎದ್ದುಬಂದ ಗುರುತು, ಬೈಬಲ್ಲಿನಲ್ಲಿ ರೋಮಾಪುರದವರಿಗೆ ಅಪೊಸ್ತಲ ಪೌಲ ಹಾಗೆ ಬರೆದದ್ದು ನನಗೂ ಗೊತ್ತು. ನೋಡಲೂ ಚೆಂದ. ಆದರೆ ಅಯ್ಯನವರು ನಿನ್ನ ಹಣೆಗೆ ನೀರು ಹಾಕಿದಾಗ ನೀನು ಕಿರುಚಿ ಅತ್ತೆ. ಅಪ್ಪನಿಗೆ ಮಾತೇ ಹೊರಡಲಿಲ್ಲ, ನಿನ್ನನ್ನು ನಂಬಿಕೆಯಲ್ಲಿ ಬೆಳೆಸುತ್ತೇವೆ ಅಂತ ನಾನೇ ಜೋರಾಗಿ ಹೇಳಿದೆ. ಅದು ಲೆಕ್ಕಕ್ಕಿಲ್ಲವಾ? ಹದಿನೈದರಲ್ಲಿ ಕನ್ಫರ್ಮೇಶನ್ ದಿನ ಬಿಷಪ್ ತಲೆ ಮೇಲೆ ಕೈಯಿಟ್ಟಾಗ ನಿನ್ನ ಬಾಯಿಂದಲೇ ಒಪ್ಪಿಕೊಂಡೆಯಲ್ಲ, ಅದೂ ಇಲ್ಲವಾ? 'ಒಬ್ಬನೇ ಕರ್ತನು, ಒಂದೇ ನಂಬಿಕೆ, ಒಂದೇ ದೀಕ್ಷಾಸ್ನಾನ' ಅಂತ ಎಫೆಸದವರಿಗೂ ಪೌಲನೇ ಬರೆದದ್ದು. ನಿಮ್ಮವರು ಮೊದಲನೆಯದು ದೀಕ್ಷಾಸ್ನಾನವೇ ಅಲ್ಲ ಅನ್ನುತ್ತಾರೆ. ಆ ಮಾತೇ ಚುಚ್ಚಿತು.

ಇನ್ನೊಂದು ಸಣ್ಣ ವಿಷಯ. ದಶಮಾಂಶ, ಅಂದರೆ ಸಂಬಳದ ಹತ್ತನೇ ಒಂದು ಭಾಗ, ಸಭೆಗೆ ಕೊಡು, ಬೇಡ ಅನ್ನುವುದಿಲ್ಲ. ನಮ್ಮಲ್ಲಿ ಕಮಿಟಿ ಇದೆ, ಲೆಕ್ಕ ಓದುತ್ತಾರೆ, ಕೂಗಾಡುತ್ತಾರೆ, ಅಯ್ಯನವರಿಗೆ ವರ್ಗವೂ ಆಗುತ್ತದೆ. ನಿಮ್ಮ ಪಾಸ್ಟರ್ ಮೇಲೆ ಯಾರಿದ್ದಾರೆ? ಹಿರಿಯರು ಅಂದೆ. ಅವರನ್ನು ಆರಿಸಿದ್ದು ಯಾರು? ಕೇಳಿಕೊಂಡು ಬಾ.

ನೀನು ದೊಡ್ಡವಳು, ತಡೆಯುವುದಿಲ್ಲ. ಮುಂದಿನ ಭಾನುವಾರ ಪಾಸ್ಟರನ್ನೂ ಊಟಕ್ಕೆ ಕರೆದುಕೊಂಡು ಬಾ. ಬೈಬಲ್ಲಿನಲ್ಲಿ ಫಿಲಿಪ್ಪಿ ಊರಿನ ಜೈಲಿನ ಯಜಮಾನ ಮನೆಮಂದಿ ಸಮೇತ ದೀಕ್ಷಾಸ್ನಾನ ಮಾಡಿಸಿಕೊಂಡನಲ್ಲ, ಆ ಮನೆಯಲ್ಲಿ ತೊಟ್ಟಿಲು ಇರಲಿಲ್ಲವಾ ಅಂತ ನಾನೇ ಕೇಳುತ್ತೇನೆ. ಅವರು ಮಟನ್ ತಿನ್ನುತ್ತಾರೆ ತಾನೇ? ಶನಿವಾರವೇ ಹೇಳು.

ಅಮ್ಮ