ದಂಡನಾಯಕರ ಮನೆಯ ಎರಡು ಹುಲಿಗಳು

ಮಾನ್ಯ ಸಂಪಾದಕರೇ,

ಶಾಲಾ ಪ್ರವಾಸದ ಕಾಲ ಬಂತು. ಮಡಿಕೇರಿಗೆ ಬರುವ ಎಷ್ಟೋ ಬಸ್ಸುಗಳು ರಾಜಾಸೀಟು, ಅಬ್ಬಿ ಜಲಪಾತ ತೋರಿಸಿ ಹೊರಟುಬಿಡುತ್ತವೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಊರೊಳಗೇ ಇದೆ. 2021ರಿಂದ ಅದು ಮ್ಯೂಸಿಯಂ. ಮಕ್ಕಳನ್ನು ಅಲ್ಲಿಗೂ ಕರೆತನ್ನಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಲು ಈ ಪತ್ರ. ಹೀಗೆ ಬರೆಯಬೇಕು ಅನ್ನಿಸಿದ್ದು ಚೀನಾದಲ್ಲಿ ಒಂದು ಮನೆ ನೋಡಿದ ಮೇಲೆ.

ಮಗಳು ಈಶಾನ್ಯ ಚೀನಾದ ಶೆನ್‌ಯಾಂಗ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ಒಮ್ಮೆ ಹೋಗಿದ್ದೆ. ಅಲ್ಲಿನ ಹಳೆಯ ಅರಮನೆಯ ಹತ್ತಿರವೇ ಜಾಂಗ್ ಜುವೊಲಿನ್ ಅವರ ಮನೆ ಇದೆ. ಬಡತನದಲ್ಲಿ ಹುಟ್ಟಿ, ದರೋಡೆಕೋರರ ಜೊತೆ ತಿರುಗಿ, ಕೊನೆಗೆ ಆ ಈಶಾನ್ಯ ಭಾಗವನ್ನೇ, ಅಂದರೆ ಮಂಚೂರಿಯಾವನ್ನೇ, ಆಳಿದ ಸೇನಾನಾಯಕ ಅವರು. ಮನೆ ಕಟ್ಟಿಸಲು ಶುರು ಮಾಡಿದ್ದು 1914ರಲ್ಲಿ. ಅಲ್ಲಿಯವರ ಬಾಯಲ್ಲಿ ಅದು ‘ದಾಶುವಾಯ್ ಫು’, ದೊಡ್ಡ ದಂಡನಾಯಕರ ಮನೆ.

ಒಳಗೆ ಬೂದು ಇಟ್ಟಿಗೆಯ ಎರಡಂತಸ್ತಿನ ಚಿಕ್ಕ ಕಟ್ಟಡವೊಂದಿದೆ. ಮಗಳು ಬೋರ್ಡು ಓದಿ, “ಅಮ್ಮಾ, ಅವರು ತೀರಿಕೊಂಡಿದ್ದು ಇಲ್ಲೇ ಅಂತೆ” ಅಂದಳು. 1928ರ ಜೂನ್ 4ರಂದು ಅವರ ರೈಲಿಗೆ ಜಪಾನಿ ಸೇನಾಧಿಕಾರಿಗಳು ಬಾಂಬ್ ಇಡಿಸಿದ್ದರು. ಗಾಯಗೊಂಡವರನ್ನು ಇಲ್ಲಿಗೆ ತಂದರು. ಅವತ್ತೇ ಜೀವ ಹೋಯಿತು. ಸುದ್ದಿ ಹೊರಬಿದ್ದರೆ ಜಪಾನಿ ಸೇನೆ ಊರಿಗೇ ನುಗ್ಗಬಹುದೆಂಬ ಭಯ. ಹಾಗಾಗಿ ಐದನೇ ಹೆಂಡತಿ ಅಳು ನುಂಗಿಕೊಂಡು, ಅಲಂಕಾರ ಮಾಡಿಕೊಂಡು, ವಿಚಾರಿಸಲು ಬಂದ ಜಪಾನಿಯರನ್ನು ಮಾತಾಡಿಸಿ ಕಳಿಸಿದರಂತೆ. ವೈದ್ಯರು ದಿನಾ ಔಷಧಿ ಚೀಟಿ ಬರೆದರು, ಅಡುಗೆಮನೆಯಿಂದ ಊಟ ಹೋಗುತ್ತಲೇ ಇತ್ತು. ಹೀಗೆ ಎರಡು ವಾರಕ್ಕೂ ಜಾಸ್ತಿ! ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅಲ್ಲಿ ತೀರಿಕೊಂಡವರು ಬದುಕಿದ್ದಾರೆಂದು ತೋರಿಸಲು ಊಟ ಬಡಿಸಿದ್ದರು. ಆ ಬಾಗಿಲ ಹತ್ತಿರ ನಾನು ತುಂಬಾ ಹೊತ್ತು ನಿಂತಿದ್ದೆ.

ಮಗ ಜಾಂಗ್ ಶ್ಯುಲಿಯಾಂಗ್‌ಗೆ ಆಗ 27 ವರ್ಷ. ಚೀನೀ ಚಾಂದ್ರಮಾನ ಪಂಚಾಂಗದ ಪ್ರಕಾರ ಅಪ್ಪ ಸತ್ತಿದ್ದು ಮಗನ ಹುಟ್ಟುಹಬ್ಬದ ದಿನವೇ.

ಆಮೇಲೆ ‘ಹುಲಿ ಕೋಣೆ’. ಒಣಹುಲ್ಲು ತುಂಬಿದಂಥ ಎರಡು ಹುಲಿಗಳು, ಗಾಜಿನ ಕಣ್ಣು. 1929ರ ಜನವರಿ 10ರಂದು ಮಗ ತನ್ನ ಅಪ್ಪನ ಕಾಲದ ಇಬ್ಬರು ದೊಡ್ಡ ಅಧಿಕಾರಿಗಳನ್ನು, ಯಾಂಗ್ ಯುಟಿಂಗ್ ಮತ್ತು ಚಾಂಗ್ ಯಿನ್‌ಹುವಾಯ್ ಅವರನ್ನು, ಇದೇ ಕೋಣೆಯಲ್ಲಿ ಗುಂಡಿಟ್ಟು ಕೊಲ್ಲಿಸಿದರು. ವಿಚಾರಣೆ ಇಲ್ಲ, ಏನಿಲ್ಲ. ನಾವು ಹೋದಾಗ ಶಾಲಾ ಮಕ್ಕಳ ಗುಂಪೊಂದು ಅಲ್ಲಿತ್ತು. ಅವರ ಟೀಚರ್ ಹುಲಿಗಳ ಮುಂದೆ ನಿಂತು ತಗ್ಗಿದ ದನಿಯಲ್ಲಿ ಕಥೆ ಹೇಳುತ್ತಿದ್ದರು. ಒಬ್ಬ ಪುಟ್ಟ ಹುಡುಗ ಮೆಲ್ಲನೆ ನೆಲ ನೋಡಿ, ನಿಂತಲ್ಲಿಂದ ಒಂದು ಹೆಜ್ಜೆ ಸರಿದ. ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದ್ದೇನೆ, ಯಾವ ಮಗುವಿಗೂ ನಾನು ಹಾಗೆ ಮುಟ್ಟಿಸಲು ಆಗಿರಲಿಲ್ಲ.

ಇದೇ ಮಗ 1936ರಲ್ಲಿ ಶಿಯಾನ್ ನಗರದಲ್ಲಿ ಆಗಿನ ಚೀನಾ ಸರ್ಕಾರದ ನಾಯಕ ಚಿಯಾಂಗ್ ಕೈ ಶೇಕ್ ಅವರನ್ನೇ ಹಿಡಿದಿಟ್ಟು, ಕಮ್ಯುನಿಸ್ಟರ ಜೊತೆಗಿನ ಒಳಜಗಳ ಬಿಡಿ, ಜಪಾನ್ ವಿರುದ್ಧ ಒಟ್ಟಾಗಿ ಹೋರಾಡೋಣ ಎಂದು ಒತ್ತಾಯಿಸಿದರು. ಅದಕ್ಕಾಗಿ ಐವತ್ತು ವರ್ಷಕ್ಕೂ ಜಾಸ್ತಿ ಕಾವಲಿನಲ್ಲಿ ಬದುಕಿದರು. 2001ರಲ್ಲಿ, ನೂರು ತುಂಬಿದ ಮೇಲೆ, ಹವಾಯಿಯಲ್ಲಿ ತೀರಿಕೊಂಡರು. ಆ ಮನೆಗೆ ವಾಪಸ್ ಬರಲೇ ಇಲ್ಲ.

ಈಗ ನಮ್ಮ ತಿಮ್ಮಯ್ಯನವರು. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ತಾಯ್ನಾಡಿಗೆ ಹೋಗಲ್ಲ ಎಂದ ಯುದ್ಧಕೈದಿಗಳನ್ನು ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. ಆ ಕೈದಿಗಳಲ್ಲಿ 14,000ಕ್ಕೂ ಜಾಸ್ತಿ ಚೀನೀಯರು. ಅವರಲ್ಲಿ ಹೆಚ್ಚಿನವರು ಹೋಗಿ ಸೇರಿದ್ದು ತೈವಾನ್‌ಗೆ. ಜಾಂಗ್ ಶ್ಯುಲಿಯಾಂಗ್ ಆಗ ಸೆರೆಯಲ್ಲಿದ್ದಿದ್ದೂ ಅದೇ ದ್ವೀಪದಲ್ಲೇ. ಮಡಿಕೇರಿಯ ಈ ಮನೆಯಲ್ಲಿ ನಿಂತು ಇಷ್ಟು ದೂರದ ಕಥೆ ಹೇಳಬಹುದು, ಅಲ್ವಾ?

ಶಿಕ್ಷಕರೇ, ಸುಮ್ನೆ ಸಾಲಾಗಿ ನಡೆಸಿ ಹೊರಗೆ ಕರೆತರಬೇಡಿ. ಹಿಂದಿನ ದಿನವೇ ಕ್ಲಾಸಿನಲ್ಲಿ ಕಥೆ ಹೇಳಿರಿ. ಒಂದೇ ಕೋಣೆಯಾದರೂ ಸರಿ, ಅಲ್ಲಿ ಹತ್ತು ನಿಮಿಷ ನಿಲ್ಲಿಸಿ.

ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮಡಿಕೇರಿ