ಮನೆ ಕಟ್ಟುವ ಮೊದಲು ಈ ಪತ್ರ ಓದಿ, ಅಪ್ಪಾ

ಆಮ್‌ಸ್ಟರ್‌ಡ್ಯಾಮ್

ತೀರ್ಥರೂಪ ಅಪ್ಪನವರಿಗೆ,

ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ? ಹೊಸ ಮನೆಯ ಬಗ್ಗೆ ಒಂದು ಮಾತು ಹೇಳಬೇಕಿತ್ತು. ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಮಾರ್ಕನ್ ಅನ್ನುವ ಊರಿಗೆ ಹೋಗಿದ್ದೆ. ಇಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಅಷ್ಟೇ. ಎರಡು ಸಾವಿರ ಜನರೂ ಇಲ್ಲದ ಸಣ್ಣ ಊರು, ಸುತ್ತ ನೀರು. 1957ರವರೆಗೆ ಅಲ್ಲಿಗೆ ದೋಣಿಯಲ್ಲೇ ಹೋಗಬೇಕಿತ್ತಂತೆ. ಆಮೇಲೆ ನೀರಿನ ನಡುವೆ ಒಡ್ಡು ಹಾಕಿ ರಸ್ತೆ ಮಾಡಿದರು.

ಊರು ನೋಡಿದ ಕೂಡಲೇ ನೀವು ನೆನಪಾದಿರಿ. ನೆಲವೆಲ್ಲ ಸಪಾಟು ಹುಲ್ಲುಗಾವಲು. ಮನೆಗಳು ಮಾತ್ರ ದಿನ್ನೆಗಳ ಮೇಲೆ ಒತ್ತೊತ್ತಾಗಿ ಕೂತಿವೆ. ಆ ದಿನ್ನೆಗಳನ್ನು ಜನರೇ ಮಣ್ಣು ಹೊತ್ತು ಹಾಕಿ ಎಬ್ಬಿಸಿದ್ದಾರೆ. ವೆರ್ಫ್ ಅನ್ನುತ್ತಾರೆ. ಕಡಲು ಏರಿದರೆ ಹೊಲ ಮುಳುಗಿದರೂ ಮನೆ ಉಳಿಯಲಿ ಅಂತ. ಜನ ಹೆಚ್ಚಾಗಿ ದಿನ್ನೆಯ ಮೇಲೆ ಜಾಗ ಸಾಲದೆ ಹೋದಾಗ, ಪಕ್ಕದಲ್ಲಿ ಮರದ ಕಂಬ ನೆಟ್ಟು ಅದರ ಮೇಲೆ ಮನೆ ಕಟ್ಟಿದರು. ಕೆಳಗೆ ಪೂರಾ ಖಾಲಿ. ನೀರು ಬಂದರೆ ಕಂಬಗಳ ನಡುವೆ ಸುಮ್ನೆ ಹಾದು ಹೋಗಬೇಕು.

ಅಂಥ ಒಂದು ಮನೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಸಿರು ಹಲಗೆಯ ಗೋಡೆ, ಅಂಚಿಗೆ ಬಿಳಿ ಬಣ್ಣ, ಬಾಗಿಲಿಗೆ ಹತ್ತಲು ಮೆಟ್ಟಿಲು. ಕೆಳಗಿನ ಖಾಲಿ ಜಾಗಕ್ಕೆ ಹಲಗೆ ಹೊಡೆದು ಕೋಣೆ ಮಾಡಿಕೊಂಡಿದ್ದಾರೆ. ಹಿಂದೆ ಅದಕ್ಕೆ ಯಾರಿಗೂ ಧೈರ್ಯ ಇರಲಿಲ್ಲ.

1916ರ ಜನವರಿಯ ಒಂದು ರಾತ್ರಿ ಬಿರುಗಾಳಿಗೆ ಕಡಲು ನುಗ್ಗಿ ಈ ಊರಲ್ಲೇ ಹದಿನಾರು ಜನ ಸತ್ತರು. ಅದಾದ ಮೇಲೆ ದೇಶ ಸುಮ್ಮನೆ ಕೂರಲಿಲ್ಲ. ಕೊರ್ನೆಲಿಸ್ ಲೆಲಿ ಅನ್ನುವ ಎಂಜಿನಿಯರ್ ಮೊದಲೇ ಹಾಕಿಟ್ಟಿದ್ದ ಯೋಜನೆಗೆ 1918ರಲ್ಲಿ ಕಾಯ್ದೆ ಮಾಡಿದರು. ನೆಲದೊಳಗೆ ಚಾಚಿದ್ದ ಆ ಕಡಲಿನ ಬಾಯಿಗೆ ಅಡ್ಡಲಾಗಿ 32 ಕಿಲೋಮೀಟರ್ ಒಡ್ಡು. 1932ರಲ್ಲಿ ಮುಗಿಯಿತು. ಒಳಗೆ ಉಳಿದ ಉಪ್ಪುನೀರು ಬರಬರುತ್ತಾ ಸಿಹಿನೀರಾಯಿತು.

ಊರು ಉಳಿಯಿತು, ಆದರೆ ಹೆರ್ರಿಂಗ್ ಮೀನು ಹೋಯಿತು. ತಲೆತಲಾಂತರದಿಂದ ಬಲೆ ಬೀಸಿ ಬದುಕಿದವರು ಬೇರೆ ಕೆಲಸ ಹುಡುಕಿದರು. ಚರ್ಚಿನೊಳಗೆ ಮೇಲಿನಿಂದ ಸಣ್ಣ ಸಣ್ಣ ದೋಣಿಗಳನ್ನು ತೂಗುಬಿಟ್ಟಿದ್ದಾರೆ. ಹಾಯಿ, ಹಗ್ಗ ಎಲ್ಲ ಹಾಗೇ ಇದೆ. ಅದನ್ನು ನೋಡಿ ನನಗೆ ಕರುಳು ಚುರ್ ಅಂದಿತು. ನಮ್ಮ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಮುತ್ಯಾನ ಕೈ ನೆನಪಾಯಿತು.

ಅಪ್ಪಾ, ನಮ್ಮ ವರದಾ ಹೊಳೆಗೆ ಹಾಗೆ ಅಡ್ಡ ಒಡ್ಡು ಹಾಕಿ ಬಾಯಿ ಮುಚ್ಚಲು ಆಗುತ್ತಾ? ಗಳಗನಾಥದ ಹತ್ತಿರ ತುಂಗಭದ್ರೆ ತುಂಬಿ ಹರಿದರೆ ನಮ್ಮ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದೆ ಅಂತ ನೀವೇ ಹೇಳುತ್ತಿದ್ದಿರಿ. 2019ರ ಆಗಸ್ಟ್‌ನಲ್ಲಿ ಪಡಸಾಲೆಯಲ್ಲಿಟ್ಟ ಗೋವಿನಜೋಳದ ಚೀಲಗಳು ಅಲ್ಲೇ ಮೊಳಕೆ ಒಡೆದಿದ್ದವು. ಹಿತ್ತಲ ಗೋಡೆ ರಾತ್ರಿ ಕುಸಿದು ಬಿತ್ತು. ಅವ್ವ ಕರುವನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ನಡೆದಳು. ಅದನ್ನು ನಾನು ಹೇಗೆ ಮರೆಯಲಿ?

ಗೌಂಡಿ ಒಂದೂವರೆ ಫೂಟು ಪಾಯ ಸಾಕು ಅಂದನಂತೆ. ದಯವಿಟ್ಟು ಒಪ್ಪಬೇಡಿ. ಮಣ್ಣಿಗೆ, ಕಲ್ಲಿಗೆ ಜಾಸ್ತಿ ಆಗುವ ರೊಕ್ಕ ನಾನು ಕಳಿಸುತ್ತೇನೆ. ಹನುಮಪ್ಪನ ಗುಡಿಯ ಕಂಬದ ಮೇಲೆ ಆ ವರ್ಷದ ಕೆಸರಿನ ಗೆರೆ ಇನ್ನೂ ಇದೆಯಲ್ಲ? ಅದರ ಮಟ್ಟ ನಮ್ಮ ಜಾಗದಲ್ಲಿ ಎಷ್ಟು ಎತ್ತರ ಬರುತ್ತದೆ ಅಂತ ತಮ್ಮನ ಕೈಲಿ ನೀರು ತುಂಬಿದ ಮಟ್ಟದ ಪೈಪ್ ಹಿಡಿಸಿ ನೋಡಿ, ಟೇಪಿನಿಂದ ಅಳೆದು ಈ ವಾರವೇ ತಿಳಿಸಿ. ಪಾಯ ಅದಕ್ಕಿಂತ ಒಂದು ಗೇಣಾದರೂ ಮೇಲಿರಲಿ.

ನಿಮ್ಮ ಮಗಳು